ಒಂದೇ ತಾರೀಖು, ಹನ್ನೊಂದು ದಿನ

ನಮ್ಮ ಕಲಬುರಗಿ ಎಡಿಷನ್‌ನ ಎರಡನೇ ಪುಟದ ಕೆಳಗೆ ಒಂದು ಪುಟ್ಟ ಬಾಕ್ಸ್ ಬರುತ್ತದೆ, ‘ಇತಿಹಾಸದಲ್ಲಿ ಈ ದಿನ’ ಅಂತ. ಡೆಸ್ಕ್‌ನಲ್ಲಿ ಯಾರಿಗೂ ಬೇಡವಾದ ಕೆಲಸ. ಹಾಗಾಗಿ ನನ್ನ ಪಾಲಿಗೆ ಬಂತು. ಯಾರು ಹುಟ್ಟಿದರು, ಯಾರು ಸತ್ತರು, ಯಾವ ಜ್ವಾಲಾಮುಖಿ ಸಿಡಿಯಿತು ಅಂತ ನಾಲ್ಕು ಸಾಲು ಹಾಕಿದರೆ ಮುಗಿಯಿತು.

ಏಪ್ರಿಲ್ 22ರ ರಾತ್ರಿ ಒಂಬತ್ತೂವರೆಗೆ ಎರಡನೇ ಪುಟದ ಜಾಹೀರಾತು ಡ್ರಾಪ್ ಆಯಿತು. ‘ಆ ಬಾಕ್ಸ್‌ನೇ ದೊಡ್ಡದು ಮಾಡಿ ತುಂಬಿಸ್ರಿ’ ಅಂದರು ಡೆಸ್ಕ್ ನೋಡಿಕೊಳ್ಳುವ ಚೀಫ್ ಸಬ್ ಎಡಿಟರ್. ನನಗೆ ಒಳಗೊಳಗೇ ಖುಷಿ. ಮರುದಿನ ವಿಶ್ವ ಪುಸ್ತಕ ದಿನ. ಶೇಕ್ಸ್‌ಪಿಯರ್, ಸ್ಪೇನಿನ ಕಾದಂಬರಿಕಾರ ಸರ್ವಾಂಟಿಸ್ ಇಬ್ಬರೂ ತೀರಿಕೊಂಡದ್ದು 1616ರ ಏಪ್ರಿಲ್ 23ರಂದು ಅಂತ ಕಾಲೇಜಿನಿಂದಲೂ ಕೇಳಿದ್ದೆ. ‘ಒಂದೇ ದಿನ ಆರಿದ ಎರಡು ದೀಪ’ ಅಂತ ಹೆಡ್ಡಿಂಗ್ ಕೊಟ್ಟೆ. ಒಳಗೆ ಇನ್ನೂ ಒಂದು ಸಾಲು: ‘ಅಂದು ಒಂದೇ ಸೂರ್ಯ ಮುಳುಗುವಾಗ ಇಬ್ಬರೂ ಕಣ್ಣು ಮುಚ್ಚಿದರು.’ ಬರೆದು ನಾನೇ ಎರಡು ಸಲ ಓದಿಕೊಂಡೆ.

ಯೂನಿಕೋಡ್‌ನಿಂದ ಪೇಜಿನ ನುಡಿ ಫಾಂಟ್‌ಗೆ ಹಾಕಿದಾಗ ಶೇಕ್ಸ್‌ಪಿಯರ್ ಹೆಸರಿನ ಅಕ್ಷರ ಎಲ್ಲ ಚೆಲ್ಲಾಪಿಲ್ಲಿ. ಅದನ್ನು ಸರಿಮಾಡುವುದರಲ್ಲೇ ಹತ್ತು ನಿಮಿಷ ಹೋಯಿತು. ತಾರೀಖಿನ ಕಡೆ ನೋಡಲೇ ಇಲ್ಲ.

ಪ್ರೂಫ್ ವಿಭಾಗವನ್ನು ಮ್ಯಾನೇಜ್‌ಮೆಂಟ್ ಎಂದೋ ಮುಚ್ಚಿದೆ. ಟೆಂಡರ್, ಕೋರ್ಟ್ ನೋಟಿಸ್ ಓದಲು ಮಾತ್ರ ರಾತ್ರಿ ಒಬ್ಬರು ಕಾಕಾ ಬರುತ್ತಾರೆ. ತಹಸೀಲ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇದ್ದು ರಿಟೈರ್ ಆದವರು. ಪೇಜ್ ಪ್ರಿಂಟ್‌ನಲ್ಲಿ ನನ್ನ ಬಾಕ್ಸ್ ಮೇಲೆ ಬೆರಳಿಟ್ಟು ಕೇಳಿದರು: ‘ತಮ್ಮಾ, ಆಗ ಈ ಎರಡೂ ದೇಶದಾಗ ಒಂದೇ ಲೆಕ್ಕ ಇತ್ತೇನು?’

‘ಯಾವ ಲೆಕ್ಕ ಕಾಕಾ? ಏಪ್ರಿಲ್ 23 ಅಂದ್ರ 23.’

‘ಹಂಗ ಅಲ್ಲ. ನಿಜಾಮರ ಕಾಲದ ಕಾಗದದಾಗ ಫಸಲಿ 1357 ಅಂತ ಇರ್ತದ, ಅದು ಕಂದಾಯದ ವರ್ಷ. 590 ಕೂಡಿಸಿದ್ರ 1947. ಆದ್ರ ಫಸಲಿ ಶುರು ಆಗೋದು ಅಕ್ಟೋಬರ್‌ನಾಗ. ತಿಂಗಳು ನೋಡಲಾರದ ಕೂಡಿಸಿದ್ರ ಒಂದು ವರ್ಷ ತಪ್ಪತದ.’

ಆಳಂದದ ಹೊಲದ ಕಾಗದಕ್ಕೂ ಶೇಕ್ಸ್‌ಪಿಯರ್‌ಗೂ ಏನು ಸಂಬಂಧ ಅಂತ ಮನಸ್ಸಿನಲ್ಲೇ ನಕ್ಕೆ. ‘ಟೈಮ್ ಆಗ್ಯದ ಕಾಕಾ’ ಅಂದು ಪೇಜ್ ರಿಲೀಸ್ ಮಾಡಿದೆ. 10.40ಕ್ಕೆ ಹೊರ ಊರುಗಳ ಡಾಕ್ ಎಡಿಷನ್ ಪ್ರೆಸ್‌ಗೆ ಹೋಯಿತು.

ಆಮೇಲೆ ಶುರುವಾಯಿತು ತಳಮಳ. ಸುಮ್ನೆ ಒಮ್ಮೆ ನೋಡೋಣ ಅಂತ ನೆಟ್‌ನಲ್ಲಿ ಹುಡುಕಿದೆ. ಸ್ಪೇನ್ 1582ರಲ್ಲೇ ಪೋಪ್ ಹೇಳಿದ ಹೊಸ ಕ್ಯಾಲೆಂಡರಿಗೆ ಬದಲಾಗಿತ್ತು. ಅಲ್ಲಿ ಅಕ್ಟೋಬರ್ 4 ಆದ ಮರುದಿನವೇ 15. ಪೋಪ್ ಮಾತು ಒಪ್ಪದ ಇಂಗ್ಲೆಂಡ್ ಬದಲಾದದ್ದು 1752ರಲ್ಲಿ. 1616ರಲ್ಲಿ ಎರಡೂ ದೇಶಕ್ಕೆ ಹತ್ತು ದಿನ ಅಂತರ. ಶೇಕ್ಸ್‌ಪಿಯರ್ ಸತ್ತ ಏಪ್ರಿಲ್ 23 ಸ್ಪೇನಿನವರಿಗೆ ಮೇ 3. ಅದರ ಮೇಲೆ ಇನ್ನೊಂದು ಪೆಟ್ಟು. ಸರ್ವಾಂಟಿಸ್ ಸತ್ತದ್ದು 22ರಂದು, 23 ಹೂಳಿದ ದಿನ. ಅಂದರೆ ನನ್ನ ‘ಒಂದೇ ಸೂರ್ಯ’ ಹನ್ನೊಂದು ಸಲ ಮುಳುಗಬೇಕಿತ್ತು!

ಗಂಟೆ 11.25. ಚೀಫ್ ಸಬ್ ಮಿರ್ಚಿ ತಿನ್ನಲು ಹೊರಗೆ ಹೋಗಿದ್ದರು. ಫೋನ್ ಮಾಡಿದರೆ ಅದು ಅವರ ಟೇಬಲ್ ಮೇಲೆಯೇ ಹೊಡೆದುಕೊಂಡಿತು. ಪ್ರೆಸ್‌ಗೆ ಮಾಡಿದೆ. ಆ ಕಡೆ ಮಷಿನ್ ಸದ್ದು. ‘ಬೀದರ್ ಬಂಡಲ್ ಕಟ್ಟೀವಿ, ಯಾದಗಿರಿದು ಓಡಾಕತ್ತದ. ಯಾಕ್ರಿ ಸರ್?’

ನಿಲ್ಲಿಸಿ ಅಂದರೆ ಹೊಸ ಪ್ಲೇಟ್, ವೇಸ್ಟ್ ಪೇಪರ್, ಟ್ಯಾಕ್ಸಿ ಲೇಟ್. ಬೆಳಿಗ್ಗೆ ಮ್ಯಾನೇಜರ್ ಮುಂದೆ ಲಿಖಿತ ಉತ್ತರ. ಯಾದಗಿರಿಯ ಕಾಪಿಯನ್ನಾದರೂ ಉಳಿಸಬಹುದಿತ್ತು. ರಿಸೀವರ್ ಹಿಡಿದುಕೊಂಡು ನಿಂತೆ. ಅವನು ಎರಡು ಸಲ ‘ಹಲೋ’ ಅಂದ.

‘ಏನಿಲ್ಲ, ಸುಮ್ನೆ ಕೇಳಿದೆ’ ಅಂದುಬಿಟ್ಟೆ.

ಸಿಟಿ ಎಡಿಷನ್‌ನಲ್ಲಿ ಹೆಡ್ಡಿಂಗ್ ಬದಲಿಸಿ ‘ಒಂದೇ ತಾರೀಖು, ಬೇರೆ ದಿನ’ ಮಾಡಿದೆ. ಸೂರ್ಯನ ಸಾಲು ಕಿತ್ತೆ. ಕಾಕಾ ಇದನ್ನೆಲ್ಲ ನೋಡುತ್ತಿದ್ದರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿ ಅನ್ನಿಸಿತು.

ಮರುದಿನ ಬೀದರ್ ಕಡೆಯಿಂದ ಒಬ್ಬ ಮೇಷ್ಟ್ರು ಫೋನ್ ಮಾಡಿದರು. ಬೇಸಿಗೆ ಶಿಬಿರದಲ್ಲಿ ನನ್ನ ಬಾಕ್ಸ್ ಓದಿಸಿದರಂತೆ. ‘ಆ ಸೂರ್ಯ ಮುಳುಗೋ ಸಾಲಿಗೆ ಮಕ್ಕಳು ಚಪ್ಪಾಳೆ ಹೊಡೆದ್ರು ನೋಡ್ರಿ!’ ನಿಜ ಹೇಳಲು ಬಾಯಿ ಬರಲಿಲ್ಲ. ‘ಥ್ಯಾಂಕ್ಸ್ ಸರ್’ ಅಂದೆ. ಸರಿಯಾಗಿ ಬರೆದ ಸಿಟಿ ಎಡಿಷನ್‌ಗೆ ಒಂದು ಫೋನೂ ಬರಲಿಲ್ಲ. ತಿದ್ದುಪಡಿ ಹಾಕೋಣ ಅಂದದ್ದಕ್ಕೆ ‘ಜಾಗ ಇದ್ದಾಗ ನೋಡೋಣ’ ಅಂದರು ಚೀಫ್ ಸಬ್. ಆ ಜಾಗ ಇನ್ನೂ ಸಿಕ್ಕಿಲ್ಲ.

ಈಗ ಬಾಕ್ಸ್‌ನ ಪ್ರಿಂಟ್ ಮೊದಲು ಹೋಗುವುದು ಕಾಕಾನ ಟೇಬಲ್ಲಿಗೆ. ನವೆಂಬರ್ 7ಕ್ಕೆ ರಷ್ಯಾದ ಅಕ್ಟೋಬರ್ ಕ್ರಾಂತಿ, 1917 ಅಂತ ಹಾಕಿದ್ದೆ. ಕೆಂಪು ಪೆನ್ನಿನಿಂದ ‘ಅಕ್ಟೋಬರ್’ ಸುತ್ತ ಗೋಲ ಎಳೆದರು. ‘ಅಕ್ಟೋಬರ್‌ದು ನವೆಂಬರ್‌ನಾಗ ಯಾಕ ಬಂತು ತಮ್ಮಾ?’

ಈ ಸಲ ಉತ್ತರ ರೆಡಿ ಇತ್ತು. ಕುರ್ಚಿ ಎಳೆದುಕೊಂಡು ಹೇಳಲು ಕೂತೆ. ಅಷ್ಟರಲ್ಲಿ ಕಾಕಾ ಟೆಂಡರ್ ನೋಟಿಸ್ ಓದಲು ಶುರು ಮಾಡಿದ್ದರು.