ಮುಚ್ಚಳದ ಮೇಲಿನ ಹೆಸರು

ನಮ್ಮ ಲ್ಯಾಬಿಗೆ ಹೊಸದಾಗಿ ಯಾರೇ ಸೇರಲಿ, ನಾನು ಮೊದಲು ಹೇಳುವುದು ಇದನ್ನೇ: ಗುರುತನ್ನು ಡಿಶ್‌ನ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲೆ ಬೇಡ.

ಈ ಪಾಠ ಕಲಿತಾಗ ನಾನು ಮಾಡುತ್ತಿದ್ದದ್ದು ಹೊಸ ಪ್ರಯೋಗವೇನಲ್ಲ. ಅಮೆರಿಕದ ಬ್ರ್ಯಾಂಡೈಸ್ ವಿಶ್ವವಿದ್ಯಾಲಯದಲ್ಲಿ ಜೀನಾ ಟುರಿಜಿಯಾನೋ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ್ದನ್ನು ನಮ್ಮ ಕಲ್ಚರ್‌ನಲ್ಲಿ, ಅಂದರೆ ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಲ್ಲಿ, ಮತ್ತೆ ನೋಡುವುದಷ್ಟೆ. ಇಲಿಯ ಮಿದುಳಿನ ನರಕೋಶಗಳನ್ನು ಡಿಶ್‌ನಲ್ಲಿ ಬೆಳೆಸಿ, ಪಫರ್ ಮೀನಿನ ವಿಷವಾದ ಟಿಟಿಎಕ್ಸ್ ಹಾಕಿ, ಅವು ವಿದ್ಯುತ್ ಸಂಕೇತ ಸಿಡಿಸದಂತೆ 48 ಗಂಟೆ ಸುಮ್ಮನಿರಿಸಬೇಕು. ಆಮೇಲೆ ಒಂದೊಂದೇ ಕೋಶದಲ್ಲಿ ‘ಮಿನಿ’ಗಳನ್ನು ಅಳೆಯಬೇಕು. ಎರಡು ನರಕೋಶಗಳು ಸಂಧಿಸುವ ಸಿನಾಪ್ಸ್‌ನಲ್ಲಿ, ಸಂದೇಶ ಒಯ್ಯುವ ಗ್ಲುಟಮೇಟ್ ತುಂಬಿದ ಒಂದೇ ಒಂದು ಪುಟ್ಟ ಚೀಲ ತಾನಾಗಿ ಒಡೆದಾಗ ಆಚೆ ಬದಿಯಲ್ಲಿ ಹುಟ್ಟುವ ಕರೆಂಟೇ ಮಿನಿ. ಸಾಮಾನ್ಯವಾಗಿ 10–20 ಪಿಕೋಆಂಪಿಯರ್, ಅಷ್ಟೇ. ಆ ಬದಿಯಲ್ಲಿ ಗ್ಲುಟಮೇಟನ್ನು ಹಿಡಿಯುವ ಆಂಪಾ ರಿಸೆಪ್ಟರ್‌ಗಳು ಹೆಚ್ಚಿದ್ದಷ್ಟೂ ಮಿನಿ ದೊಡ್ಡದು. ಸದ್ದು ನಿಂತ ಮನೆಯಲ್ಲಿ ಕಿವಿ ಚುರುಕಾಗುವ ಹಾಗೆ, ಸುಮ್ಮನಿರಿಸಿದ ಕೋಶ ಹೆಚ್ಚು ರಿಸೆಪ್ಟರ್ ಕೂರಿಸಿಕೊಳ್ಳುತ್ತದೆ. ಬೈಕುಕುಲಿನ್ ಎಂಬ ಔಷಧಿ ಹಾಕಿ, ಕೋಶಗಳನ್ನು ಹದ್ದಿನಲ್ಲಿಡುವ ಗಾಬಾ ಎಂಬ ರಾಸಾಯನಿಕದ ತಡೆಯನ್ನು ಕಿತ್ತು ಕೋಶಗಳನ್ನು ಎರಡು ದಿನ ಅಬ್ಬರಿಸಲು ಬಿಟ್ಟರೆ ಮಿನಿಗಳು ಕುಗ್ಗುತ್ತವೆ.

ನನಗೆ ಬಂದದ್ದು ತಿರುಗುಮುರುಗು. ಟಿಟಿಎಕ್ಸ್ ಡಿಶ್‌ಗಳಲ್ಲಿ ಸಣ್ಣ ಮಿನಿ, ಏನೂ ಹಾಕದ ಕಂಟ್ರೋಲ್‌ನಲ್ಲಿ ದೊಡ್ಡವು. ಮೂರು ದಿನ ಅದಕ್ಕೆ ಕಾರಣ ಹುಡುಕುತ್ತ ಕೂತೆ. ಕೋಶಗಳ ವಯಸ್ಸು ಬೇರೆ, ಮಿದುಳಿನ ಭಾಗ ಬೇರೆ ಎಂದೆಲ್ಲ ಬರೆದುಕೊಂಡೆ. ನಮ್ಮ ಸೀನಿಯರ್ ಮೇಡಂ ಗ್ರಾಫ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಔಷಧಿ ಹಾಕುವಾಗ ಮುಚ್ಚಳ ಎಲ್ಲಿ ಇಟ್ಟಿದ್ರಿ?”

ಆರೂ ಮುಚ್ಚಳ ತೆಗೆದು, ಮೂರು ಮೂರಾಗಿ ಪೇರಿಸಿ ಹುಡ್‌ನ ಮೂಲೆಯಲ್ಲಿ ಇಟ್ಟಿದ್ದೆ. ಗುರುತು ಇದ್ದದ್ದು ಅವುಗಳ ಮೇಲೆ ಮಾತ್ರ.

ಮಿನಿ ಅಳೆಯುವಾಗ ಎಲ್ಲ ಡಿಶ್‌ಗಳಿಗೂ ಟಿಟಿಎಕ್ಸ್ ಇರುವ ದ್ರಾವಣವನ್ನೇ ಹರಿಸುತ್ತೇವೆ, ಆದ್ದರಿಂದ ಕೋಶಗಳು ಸಿಡಿಯುವುದರಲ್ಲಿನ ವ್ಯತ್ಯಾಸ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಪುಣ್ಯಕ್ಕೆ ಅದಕ್ಕೂ ಮೊದಲು, ಮಾಮೂಲಿ ದ್ರಾವಣದಲ್ಲಿ, ಪ್ರತಿ ಕೋಶವನ್ನೂ ಎರಡು ನಿಮಿಷ ರೆಕಾರ್ಡ್ ಮಾಡಿಟ್ಟಿದ್ದೆ. ಮೇಡಂ ಆ ಫೈಲ್‌ಗಳನ್ನು ತೆರೆದರು. ‘ಕಂಟ್ರೋಲ್’ ಎಂದು ಬರೆದ ಕೋಶಗಳು ಸಾಲುಸಾಲಾಗಿ ಸಿಡಿಯುತ್ತಿದ್ದವು, ಗೆರೆಗೆ ಉಸಿರಾಡಲು ಬಿಡುವಿಲ್ಲದಂತೆ. ವಿಷ ತೊಳೆದ ಮೇಲೆ, ಎರಡು ದಿನ ಕೂಡಿಟ್ಟ ರಿಸೆಪ್ಟರ್‌ಗಳೊಂದಿಗೆ ಎದ್ದ ಕೋಶಗಳು ಹೀಗೇ ಸಿಡಿಯುತ್ತವೆ. ಯಾವುದು ಯಾವುದೆಂದು ನಮ್ಮಿಬ್ಬರಿಗೂ ಗೊತ್ತಾಯಿತು. ಆದರೂ ಆ ಬ್ಯಾಚ್ ಕೈಬಿಟ್ಟೆವು. ಊಹೆಯ ಮೇಲೆ ಹೆಸರು ಅದಲುಬದಲು ಮಾಡಿ ಲೆಕ್ಕಕ್ಕೆ ಸೇರಿಸುವುದು ತಪ್ಪು.

ಈ ಕೆಲಸದಲ್ಲಿ ನನ್ನನ್ನು ಇಂದಿಗೂ ಹಿಡಿದಿಟ್ಟಿರುವ ಸಂಗತಿ ಇನ್ನೊಂದಿದೆ. ಕೋಶ ತನ್ನ ಸಿನಾಪ್ಸ್‌ಗಳಿಗೆಲ್ಲ ಒಂದೇ ಮೊತ್ತ ಕೂಡಿಸುವುದಿಲ್ಲ, ಸರಿಸುಮಾರು ಒಂದೇ ಅಂಶದಿಂದ ಗುಣಿಸುತ್ತದೆ. ಒಂದರ ಬಲ ಇನ್ನೊಂದರ ಎರಡರಷ್ಟಿದ್ದರೆ ಆಮೇಲೂ ಎರಡರಷ್ಟೇ. ಕಲಿಕೆಯಿಂದ ಸಿನಾಪ್ಸ್‌ಗಳ ನಡುವೆ ಬಂದ ಹೆಚ್ಚುಕಡಿಮೆ ಅಳಿಸದೆ, ಇಡೀ ಕೋಶದ ದನಿ ಮಾತ್ರ ಏರಿಳಿಯುತ್ತದೆ.

ಮೂರು ವಾರ ಕಾದು ಹೊಸ ಕಲ್ಚರ್ ತೆಗೆದೆವು. ಈ ಸಲ ಪ್ರತಿ ಡಿಶ್‌ನ ಪಕ್ಕಕ್ಕೂ ಮಾರ್ಕರ್‌ನಿಂದ ಬರೀ ಸಂಖ್ಯೆ ಹಾಕಿದೆ. ಯಾವ ಸಂಖ್ಯೆಗೆ ಯಾವ ಔಷಧಿ ಎಂಬ ಚೀಟಿ ಮೇಡಂ ಡ್ರಾಯರ್‌ನಲ್ಲಿತ್ತು. ಎಣಿಕೆ ಮುಗಿಸಿ ಚೀಟಿ ತೆರೆದಾಗ, ಮಿನಿಗಳು ದೊಡ್ಡದಾಗಿದ್ದ ಮೂರೂ ಡಿಶ್‌ಗಳು ಟಿಟಿಎಕ್ಸ್‌ನವೇ ಆಗಿದ್ದವು.