ಬಳ್ಳಾರಿ ಬಿಸಿಲಿಗೆ ಅಂಬಾಸಿಡರ್ ಗಟ್ಟಿಯೋ, ಪದ್ಮಿನಿಯೋ?

ಹಳೇ ಕಾರು ಕೊಳ್ಳುವವರು ಮೊದಲು ಕೇಳುವುದು ಪಿಕಪ್ ಹೇಗಿದೆ, ಮೈಲೇಜ್ ಎಷ್ಟು ಅಂತ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ ಅದಕ್ಕೂ ಮೊದಲು ಕೇಳಬೇಕಾದ್ದು, ಇಂಜಿನ್ ಕಾದರೆ ಏನಾಗುತ್ತದೆ ಎಂದು.

ಪ್ರೀಮಿಯರ್ ಪದ್ಮಿನಿಯದು 1089 ಸಿಸಿ, 68 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಸರಿಯುವ ದೂರ), ಸುಮಾರು 40 ಅಶ್ವಶಕ್ತಿ. ತೂಕ 900 ಕೆ.ಜಿ. ಒಳಗೆ. ಹಳೇ ಪೆಟ್ರೋಲ್ ಅಂಬಾಸಿಡರ್‌ದು 1489 ಸಿಸಿ, 73 ಮಿ.ಮೀ. ಬೋರ್, 89 ಮಿ.ಮೀ. ಸ್ಟ್ರೋಕ್, ಸುಮಾರು 50 ಅಶ್ವಶಕ್ತಿ. ತೂಕ 1,100 ಕೆ.ಜಿ. ಆಸುಪಾಸು. ತೂಕಕ್ಕೆ ಶಕ್ತಿ ಭಾಗಿಸಿದರೆ ಎರಡೂ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಇರುವುದು ಸ್ಟ್ರೋಕ್‌ನಲ್ಲಿ. ಉದ್ದ ಸ್ಟ್ರೋಕ್‌ನ ಅಂಬಾಸಿಡರ್ ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತದೆ. ಐದು ಜನ ಕೂತು ಸಂಡೂರಿನ ಏರು ಹತ್ತುವಾಗ ಪದ್ಮಿನಿಯಲ್ಲಿ ಬೇಗ ಗೇರ್ ಇಳಿಸಿ ಇಂಜಿನ್ ವೇಗ ಏರಿಸಬೇಕು, ಅಲ್ಲಿಂದಲೇ ಟೆಂಪರೇಚರ್ ಮುಳ್ಳು ಮೇಲೇಳುತ್ತದೆ. ಊರೊಳಗಿನ ಓಡಾಟಕ್ಕೆ ಮಾತ್ರ ಪದ್ಮಿನಿಯೇ ಹಗುರ, ಸ್ಟೇರಿಂಗ್ ತಿರುಗಿಸಲೂ ಸಲೀಸು.

ಪದ್ಮಿನಿಯ ನಿಜವಾದ ತೊಂದರೆ ಹೆಡ್‌ನದು, ಅಂದರೆ ಸಿಲಿಂಡರ್‌ಗಳ ಮೇಲೆ ಕೂರುವ ಮುಚ್ಚಳದ್ದು. ಸಿಲಿಂಡರ್‌ಗಳಿರುವ ಬ್ಲಾಕ್ ಬೀಡುಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಕಾದಾಗ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುತ್ತದೆ. ನೀರು ಖಾಲಿಯಾಗಿ ಒಮ್ಮೆ ಕುದಿದರೆ ಸಾಕು, ಹೆಡ್ ಬಾಗಿ, ಅವೆರಡರ ನಡುವೆ ಸೋರದಂತೆ ಕೂರಿಸಿದ ಗ್ಯಾಸ್ಕೆಟ್ ಹೋಗುತ್ತದೆ. ಅಂಬಾಸಿಡರ್‌ನಲ್ಲಿ ಎರಡೂ ಬೀಡೇ ಆದ್ದರಿಂದ ತಡೆದುಕೊಳ್ಳುವ ಶಕ್ತಿ ಹೆಚ್ಚು. ಹೆಡ್ ಬಿಚ್ಚುವ ಮುಂಚೆ ಇಂಜಿನ್ ಪೂರ್ತಿ ತಣ್ಣಗಾಗಲಿ. ಬಿಚ್ಚಿದ ಹೆಡ್ ಮೇಲೆ ನೇರ ಪಟ್ಟಿ ಇಟ್ಟು ನೋಡಿ, 0.10 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಪಟ್ಟಿಯ ಅಡಿಯಲ್ಲಿ ತೂರಿದರೆ ಲೇತ್‌ನವರ ಹತ್ತಿರ ಫೇಸಿಂಗ್ ಮಾಡಿಸಿ ಮಟ್ಟ ಮಾಡಿಸಲೇಬೇಕು. ಹಳೇ ಗ್ಯಾಸ್ಕೆಟ್ ಮತ್ತೆ ಹಾಕಬಾರದು. ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್‌ನಿಂದಲೇ ಬಿಗಿ ಮಾಡಬೇಕು. ಅಂದಾಜಿನ ಬಿಗಿತಕ್ಕೆ ಗ್ಯಾಸ್ಕೆಟ್ ಬಾಳಿಕೆ ಬರುವುದಿಲ್ಲ.

ಎರಡು ಕಾರಿಗೂ ಇಲ್ಲಿನ ಬೋರ್‌ವೆಲ್ ನೀರೇ ಶತ್ರು. ಉಪ್ಪು ಕಟ್ಟಿ ರೇಡಿಯೇಟರ್ ಕೊಳವೆ ಕಿರಿದಾಗುತ್ತವೆ. ಡಿಸ್ಟಿಲ್ಡ್ ನೀರಿಗೆ ಕೂಲೆಂಟ್ ಬೆರೆಸಿ ಹಾಕಿ. ತೋರಣಗಲ್ಲು, ಸಂಡೂರು ಕಡೆ ಓಡಾಡುವವರ ರೇಡಿಯೇಟರ್ ರೆಕ್ಕೆಗಳ ನಡುವೆ ಅದಿರಿನ ಕೆಂಪು ಧೂಳು ಅಂಟಿರುತ್ತದೆ. ಫ್ಯಾನ್ ಕಡೆಯಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಿರಿ, ಮುಂದಿನಿಂದ ಬಿಟ್ಟರೆ ಧೂಳು ಇನ್ನೂ ಒಳಕ್ಕೆ ಹೋಗುತ್ತದೆ.

ಮಧ್ಯಾಹ್ನ ಹತ್ತು ನಿಮಿಷ ನಿಲ್ಲಿಸಿದ ಗಾಡಿ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ ಮುಗಿಸಬೇಡಿ. ಇಂಜಿನ್‌ಗೇ ಅಂಟಿಕೊಂಡಿರುವ ಪೆಟ್ರೋಲ್ ಪಂಪ್‌ನಲ್ಲಿ ಪೆಟ್ರೋಲ್ ಆವಿಯಾಗಿರುತ್ತದೆ. ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಕಾಯಿರಿ. ಎಥನಾಲ್ ಬೆರೆತ ಪೆಟ್ರೋಲ್‌ಗೆ ಹಳೇ ರಬ್ಬರ್ ಪೈಪು, ಪಂಪ್ ಒಳಗಿನ ಪೊರೆ (ಡಯಾಫ್ರಾಮ್) ತಡೆಯುವುದಿಲ್ಲ, ಅವನ್ನೂ ಬದಲಿಸಿ.

ಪದ್ಮಿನಿ ನೋಡಲು ಹೋದಾಗ ಮೊದಲು ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ, ತಣ್ಣಗಾದಮೇಲೆ ಬರುತ್ತೇನೆ ಎಂದು ಹೇಳಿ ಬನ್ನಿ. ಆಮೇಲೆ ಆಯಿಲ್ ಮುಚ್ಚಳ ತೆಗೆದು ಒಳಗೆ ಬೆರಳು ಆಡಿಸಿ. ಹಾಲಿನ ಕೆನೆಯಂಥ ಬಿಳಿ ಜಿಡ್ಡು ಹತ್ತಿದರೆ ಆಯಿಲ್‌ಗೆ ನೀರು ಸೇರಿದೆ, ಹೆಡ್ ಕೆಲಸದ ಖರ್ಚು ಕಳೆದೇ ಬೆಲೆ ಮಾತಾಡಿ.