ಒಂಬತ್ತಡಿ ಸ್ನೋ, ಅಮ್ಮನ ಸೀರಿಯಲ್ಲು, ನಿಂತುಹೋದ ರೆಡ್ ಲೈನು

ಬಾಸ್ಟನ್ನಿಗೆ ಹೊಸದಾಗಿ ಬಂದವರು ಇಲ್ಲಿ ಚಳಿಗಾಲ ಹೇಗಿರುತ್ತೆ ಅಂತ ಕೇಳಿದ್ರೆ ಹಳಬರೆಲ್ಲ 2015ರ ಕಥೆನೇ ತೆಗೆಯೋದು, ನಾನೂ ಅದನ್ನೇ ತೆಗೀತೀನಿ, ಅದೊಂದು ಹೇಳಿದ್ರೆ ಮಿಕ್ಕಿದ ವರ್ಷಗಳದ್ದು ಹೇಳೋದೇ ಬೇಡ. ಲೋಗನ್ ಏರ್‌ಪೋರ್ಟಲ್ಲಿ ಅಳೆದ ಲೆಕ್ಕದಲ್ಲಿ ಆ ಸೀಸನ್ನಿಗೆ ಒಟ್ಟು 110.6 ಇಂಚು ಸ್ನೋ, ಅಂದ್ರೆ ಒಂಬತ್ತಡಿಗೂ ಜಾಸ್ತಿ. ಅದಕ್ಕೆ ಮುಂಚೆ ರೆಕಾರ್ಡು ಇದ್ದಿದ್ದು 1995-96ರ 107.6. ಮಾಮೂಲಿ ವರ್ಷದಲ್ಲಿ ಬೀಳೋದು ನಲವತ್ತು ಚಿಲ್ಲರೆ ಇಂಚು ಅಷ್ಟೇ. ಅದೂ ಜನವರಿ ಮೂರು ವಾರ ಹೆಚ್ಚುಕಮ್ಮಿ ಒಣಗಿಕೊಂಡೇ ಇತ್ತು, ಈ ಸಲ ಬಚಾವಾದ್ವಿ ಅಂತ ಎಲ್ಲರೂ ಮಾತಾಡ್ಕೋತಿದ್ರು, 26ನೇ ತಾರೀಕು ರಾತ್ರಿ ಶುರುವಾಗಿದ್ದು ನೋಡಿ, ಮಾರನೇ ದಿನ ಮುಗಿಯೋ ಹೊತ್ತಿಗೆ ಊರಿಗೆ 24.6 ಇಂಚು ಬಿದ್ದಿತ್ತು.

ಎರಡಡಿ ಸ್ನೋ ಬೀಳೋದು ಇಲ್ಲಿನವರಿಗೆ ದೊಡ್ಡ ವಿಷಯ ಏನಲ್ಲ. ಬೀಳುತ್ತೆ, ಪ್ಲೌ ಗಾಡಿ ಬಂದು ತಳ್ಳುತ್ತೆ, ಉಪ್ಪು ಚೆಲ್ಲುತ್ತಾರೆ, ಒಂದೆರಡು ಬಿಸಿಲಿಗೆ ಕರಗಿ ಹೋಗುತ್ತೆ. ಆ ವರ್ಷ ಕರಗ್ಲಿಲ್ಲ. ಫೆಬ್ರವರಿ ಒಂದೇ ತಿಂಗಳಿಗೆ 64.8 ಇಂಚು, ತಿಂಗಳ ಸರಾಸರಿ ಉಷ್ಣಾಂಶ ಸೆಲ್ಸಿಯಸ್ಸಲ್ಲಿ ಮೈನಸ್ ಏಳರ ಹತ್ರ. ಮೊದಲನೇದನ್ನ ಎತ್ತಿ ರಸ್ತೆ ಪಕ್ಕ ಗುಡ್ಡೆ ಹಾಕಿದ್ರೆ ಎರಡನೇದು ಬಂತು, ಅದನ್ನ ಆ ಗುಡ್ಡೆ ಮೇಲೆ ಎಸೆಯೋಕೆ ಕೈ ಎಟುಕೋಲ್ಲ, ಅಷ್ಟರಲ್ಲಿ ಮೂರನೇದು. ನಂಗೆ ಕೇಳಿದ್ರೆ ಆ ಚಳಿಗಾಲದ ಎಲ್ಲಾ ಫಜೀತಿಗೂ ಬೇರು ಒಂದೇ, ತೆಗೆದಿದ್ದನ್ನ ಹಾಕೋಕೆ ಜಾಗ ಇರ್ಲಿಲ್ಲ.

ನಾವಾಗ ಬಾಸ್ಟನ್ ಪಕ್ಕದ ಕ್ವಿನ್ಸಿಲಿದ್ವಿ, ಎರಡು ಸಂಸಾರದ ಹಳೇ ಮರದ ಮನೆ, ಮೇಲಿನ ಮಹಡಿ ನಮ್ಮದು. ನಂಗೆ ಎರಡನೇ ಬಾಣಂತನ, ಅಮ್ಮ ಡಿಸೆಂಬರಲ್ಲೇ ತೀರ್ಥಹಳ್ಳಿಯಿಂದ ಬಂದಿಳಿದಿದ್ರು. ಚಳಿಗಾಲದಲ್ಲಿ ಅಪ್ಪ ಅಮ್ಮನ್ನ ಯಾರೂ ಕರೆಸ್ಕೊಳ್ಳಲ್ಲ, ಆದ್ರೆ ಡೆಲಿವರಿ ಡೇಟನ್ನ ಹವಾಮಾನ ನೋಡಿ ಇಟ್ಕೊಳ್ಳೋಕಾಗುತ್ತಾ. ಮನೆ ಒಳಗೆ ಹೀಟರ್ ಉರೀತಿದ್ರೂ ನನ್ನ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಿಟಕಿ ಹತ್ರ ಹೋದ್ರೆ "ಬಾಣಂತಿಗೆ ಶೀತ ಆಗುತ್ತೆ ಕಣೇ, ಈಚೆ ಬಾ" ಅಂತ ಕೂಗು. ಕಿಟಕಿ ಆಚೆ ಏನಿತ್ತು ಅಂತೀರಾ, ಕೆಳಗಿನ ಮನೆಯವರ ಕಾರು ಎಲ್ಲಿದೆ ಅಂತ ಗೊತ್ತಾಗ್ತಾ ಇದ್ದಿದ್ದು ಅದರ ಏರಿಯಲ್ ತುದಿಯಿಂದ ಮಾತ್ರ.

ಟಿವಿದು ಬೇರೆಯೇ ಕಥೆ. ಸ್ಟಾರ್ಮ್ ಬರುತ್ತೆ ಅಂದ್ರೆ ಇಲ್ಲಿನ ಲೋಕಲ್ ಚಾನಲ್ಲುಗಳು ಇರೋ ಪ್ರೋಗ್ರಾಮನ್ನೆಲ್ಲ ಎತ್ತಿಟ್ಟು ಬೆಳಗ್ಗಿಂದ ರಾತ್ರಿವರೆಗೂ ಅದೊಂದೇ ತೋರಿಸ್ತವೆ, ಒಬ್ಬಳು ರಿಪೋರ್ಟರ್ ಸಮುದ್ರದ ಪಕ್ಕ ಗಾಳಿಲಿ ನಿಂತು ಕೈಯಲ್ಲಿ ಸ್ಕೇಲ್ ಹಿಡ್ಕೊಂಡು ಇಷ್ಟಾಯ್ತು ಅಷ್ಟಾಯ್ತು ಅಂತ ಅಳೀತಿರ್ತಾಳೆ. ಅಮ್ಮಂಗೆ ಇಂಗ್ಲಿಷ್ ಅಷ್ಟು ಬರಲ್ಲ, ಆದ್ರೂ ನೋಡೋರು, "ಎಂಥ ಮಾರಾಯ್ತಿ, ಆ ಹುಡುಗಿಗೆ ಒಳಗೆ ಹೋಗು ಅನ್ನೋರು ಯಾರೂ ಇಲ್ವಾ" ಅಂತ. ಕೆಳಗಡೆ ಯಾವ್ಯಾವ ಊರಿನ ಸ್ಕೂಲಿಗೆ ರಜಾ ಅನ್ನೋ ಪಟ್ಟಿ ಓಡ್ತಿರುತ್ತೆ, ಎ ಬಿ ಸಿ ಆರ್ಡರಲ್ಲಿ. ಕ್ವಿನ್ಸಿ ಅಂದ್ರೆ ಕ್ಯೂ, ಅದು ಬರೋದು ಪ್ಲಿಮತ್ ಆದ್ಮೇಲೆ, ಅಲ್ಲಿವರೆಗೂ ಕಾಯಬೇಕು, ಮಗು ಅಳ್ತು ಅಂತ ಒಂದು ನಿಮಿಷ ಆ ಕಡೆ ತಿರುಗಿದ್ರೆ ರ್‍ಯಾಂಡಾಲ್ಫ್ ಬಂದುಬಿಟ್ಟಿರುತ್ತೆ, ಮತ್ತೆ ಮೊದಲಿಂದ. ಈಗೆಲ್ಲ ಸ್ಕೂಲಿಂದ ಫೋನ್ ಮೆಸೇಜ್ ಬರುತ್ತೆ ಬಿಡಿ, ಆಗಲೂ ಬರ್ತಿತ್ತು, ಆದ್ರೂ ಟಿವಿಲಿ ನೋಡಿದ್ರೇನೇ ನನ್ನ ದೊಡ್ಡ ಮಗನಿಗೆ ಸಮಾಧಾನ. ರಾತ್ರಿ ಪೈಜಾಮ ಉಲ್ಟಾ ಹಾಕ್ಕೊಂಡು ದಿಂಬಿನ ಕೆಳಗೆ ಚಮಚ ಇಟ್ಟು ಮಲಗಿದ್ರೆ ರಜಾ ಗ್ಯಾರಂಟಿ ಅಂತ ಇಲ್ಲಿನ ಮಕ್ಕಳ ನಂಬಿಕೆ. ಆ ವರ್ಷ ಚಮಚ ಇಡೋ ಅಗತ್ಯನೇ ಬರ್ಲಿಲ್ಲ. ಮ್ಯಾಸಚೂಸೆಟ್ಸಲ್ಲಿ ವರ್ಷಕ್ಕೆ 180 ದಿನ ಸ್ಕೂಲು ನಡೀಲೇಬೇಕು ಅಂತ ರೂಲ್ಸು, ಹಾಗಾಗಿ ಆ ರಜಾ ಎಲ್ಲ ಜೂನಲ್ಲಿ ಬಡ್ಡಿ ಸಮೇತ ವಾಪಸ್ ಕೊಡಬೇಕಾಯ್ತು.

ಅಮ್ಮನ ಕನ್ನಡ ಸೀರಿಯಲ್ಲು ಬರ್ತಿದ್ದಿದ್ದು ಡಿಶ್ಶಲ್ಲಿ. ಡಿಶ್ ಇದ್ದಿದ್ದು ಮಾಡಿನ ಅಂಚಿಗೆ, ದಕ್ಷಿಣಕ್ಕೆ ಮುಖ ಮಾಡಿಕೊಂಡು. ಇಲ್ಲೊಂದು ವಿಚಾರ ಹೇಳಬೇಕು, ಪುಡಿಪುಡಿ ಒಣ ಸ್ನೋ ಬೀಳ್ತಾ ಇದ್ರೆ ಸಿಗ್ನಲ್ಲಿಗೆ ಅಂಥ ತೊಂದ್ರೆ ಆಗಲ್ಲ, ಆ ತರಂಗಗಳನ್ನ ಹೀರೋದು ನೀರು. ಮಳೆ ಜೋರಾದ್ರೆ ತೀರ್ಥಹಳ್ಳಿಲಿ ಡಿಶ್ ಹೋಗೋದೂ ಅದಕ್ಕೇ. ಸ್ನೋ ಡಿಶ್ ಮೇಲೆ ಕೂತು, ಮಧ್ಯಾಹ್ನದ ಬಿಸಿಲಿಗೆ ಅರ್ಧ ಕರಗಿ ಒದ್ದೆ ಮುದ್ದೆ ಆಗುತ್ತಲ್ಲ, ಆಗ ಕಷ್ಟ. ರಾತ್ರಿ ಅದೇ ಐಸ್ ಆಗಿ ಅಂಟಿಕೊಂಡ್ರೆ ಬಟ್ಟಲಿನ ಆಕಾರನೇ ಕೆಟ್ಟು ಸಿಗ್ನಲ್ ಒಂದು ಕಡೆ ಸೇರಲ್ಲ, ಎದುರಿಗಿರೋ, ಸಿಗ್ನಲ್ ಹಿಡಿಯೋ ಆ ಸಣ್ಣ ಮೂತಿ ಮುಚ್ಚಿಹೋದ್ರಂತೂ ಕಥೆ ಮುಗೀತು. ಟಿವಿ ಪರದೆ ಮೇಲೆ ಸಿಗ್ನಲ್ ಹುಡುಕ್ತಾ ಇದೀವಿ ಅಂತ ಬರುತ್ತೆ, ಹುಡುಕ್ತಾನೇ ಇರುತ್ತೆ. ಡಿಶ್ಶಿಗೆ ಅಡುಗೆ ಎಣ್ಣೆ ಸ್ಪ್ರೇ ಹೊಡೀರಿ, ಸ್ನೋ ಜಾರುತ್ತೆ ಅಂತ ಪಕ್ಕದ ಮನೆ ಅಜ್ಜ ಹೇಳಿದ್ರು. ಒಳ್ಳೆ ಉಪಾಯನೇ, ಆದ್ರೆ ಹೊಡೀಬೇಕಾಗಿದ್ದು ನವೆಂಬರಲ್ಲಿ, ಏಣಿ ಇಡೋಕೆ ನೆಲ ಕಾಣ್ತಿದ್ದಾಗ.

ನಮ್ಮನೆಯವರು ಕೆಲಸಕ್ಕೆ ಹೋಗ್ತಿದ್ದಿದ್ದು ಕೆಂಡಲ್ ಸ್ಕ್ವೇರಿಗೆ, ರೆಡ್ ಲೈನ್ ಅನ್ನೋ ಮೆಟ್ರೋ ಟ್ರೈನಲ್ಲಿ. ಬಾಸ್ಟನ್ ಪೇಟೆ ಒಳಗೆ ಅದು ನೆಲದಡಿ ಹೋಗುತ್ತೆ, ನಮ್ಮ ಕಡೆ ಬಂದ್ರೆ ಪೂರ್ತಿ ಬಯಲಲ್ಲಿ. ಆ ಲೈನಿನ ಕೆಲವು ಬೋಗಿಗಳು ಆಗ 1969ರ ಕಾಲದವಾಗಿದ್ವು. ಹಳೇ ಡಿಸಿ ಮೋಟರ್ರು ತಣ್ಣಗಾಗೋಕೆ ಅಂತ ಹೊರಗಿನ ಗಾಳಿ ಎಳ್ಕೊಳ್ಳುತ್ತೆ, ಗಾಳಿ ಜೊತೆ ಹಿಟ್ಟಿನಂಥ ಸ್ನೋ ಒಳಗೆ ಹೋಗಿ ಕರಗಿ ಮೋಟರ್ ಶಾರ್ಟ್ ಆಗುತ್ತೆ. ಇನ್ನೊಂದು ಕಡೆ ಕರೆಂಟ್ ಬರೋ ಮೂರನೇ ಹಳಿ ಮೇಲೆ ಐಸ್ ಕಟ್ಟಿದ್ರೆ ಟ್ರೈನಿಗೆ ಕರೆಂಟೇ ಸಿಗಲ್ಲ. ಫೆಬ್ರವರಿ 9ರ ಬೆಳಗ್ಗೆ ಬ್ರೇನ್‌ಟ್ರೀ ಹತ್ರ ಹೀಗೇ ಒಂದು ಟ್ರೈನ್ ನಿಂತು ಜನ ಎರಡು ಗಂಟೆಗೂ ಮೇಲೆ ಒಳಗೇ ಸಿಕ್ಕಿಹಾಕ್ಕೊಂಡಿದ್ರು. ಅವತ್ತು ಸಂಜೆ ಏಳಕ್ಕೆ ಇಲ್ಲಿನ ಬಸ್ಸು ರೈಲು ನಡೆಸೋ ಎಂಬಿಟಿಎ ರೈಲನ್ನೆಲ್ಲ ನಿಲ್ಲಿಸ್ತು, 10ನೇ ತಾರೀಕು ಇಡೀ ದಿನ ಇಲ್ಲ. ಅದರ ಮಾರನೇ ದಿನ ಅದರ ಮುಖ್ಯಸ್ಥೆ ಬೆವರ್ಲಿ ಸ್ಕಾಟ್ ರಾಜೀನಾಮೆ ಕೊಟ್ರು. ಎಷ್ಟೋ ವರ್ಷದಿಂದ ಹೊಸ ಬೋಗಿಗೆ ದುಡ್ಡು ಬಿಚ್ಚದೆ ಕೂತವರು ಬೇರೆ, ಟಿವಿ ಮುಂದೆ ನಿಂತು ಬೈಸ್ಕೊಂಡವರು ಬೇರೆ, ಆಕೆ ಮೇಲೆ ನಂಗೆ ಪಾಪ ಅನ್ಸಿತ್ತು.

ಸರಿ ಕಾರಲ್ಲಿ ಹೋಗೋಣ ಅಂದ್ರೆ ಅಲ್ಲೂ ಅದೇ ಜಾಗದ ಗೋಳು. ಎರಡು ಪಥದ ರಸ್ತೆ ಒಂದೂವರೆ ಆಗಿತ್ತು, ತಿರುವಲ್ಲಿ ಗುಡ್ಡೆ ಎಷ್ಟೆತ್ತರ ಅಂದ್ರೆ ಕಾರಿನ ಮೂತಿ ರಸ್ತೆಗೆ ಬಂದ್ಮೇಲೇ ಆ ಕಡೆಯಿಂದ ಯಾರು ಬರ್ತಿದಾರೆ ಅಂತ ಕಾಣೋದು. ಪಾರ್ಕಿಂಗ್ ಅಂತೂ ಕೇಳಲೇಬೇಡಿ. ಸೌತ್ ಬಾಸ್ಟನ್ ಕಡೆ ಒಬ್ಬ ಅರ್ಧ ದಿನ ಸಲಿಕೆ ಹಿಡಿದು ಜಾಗ ಮಾಡ್ಕೊಂಡ್ರೆ ಕಾರು ತೆಗೆಯೋ ಮುಂಚೆ ಅಲ್ಲಿ ಮುರಿದ ಕುರ್ಚಿನೋ ಇಸ್ತ್ರಿ ಟೇಬಲ್ಲೋ ಇಟ್ಟು ಹೋಗ್ತಾನೆ, ನಮ್ಮೂರ ಬಸ್ಸಿಗೆ ಕಿಟಕಿಯಿಂದ ಟವಲ್ ಹಾಕಿದ ಹಾಗೆ. ಊರಿನ ಆಡಳಿತ ಘೋಷಿಸಿದ ಸ್ನೋ ಎಮರ್ಜೆನ್ಸಿ ಮುಗಿದು 48 ಗಂಟೆವರೆಗೆ ಬಾಸ್ಟನ್ ಪೇಟೆಲಿ ಅದಕ್ಕೆ ಅಧಿಕೃತವಾಗೇ ಮಾನ್ಯತೆ ಇದೆ. ಕುರ್ಚಿ ಸರಿಸಿ ಕಾರು ನಿಲ್ಲಿಸಿದ್ರೆ ಟೈರು ಇರುತ್ತೆ ಅಂತ ಹೇಳೋಕಾಗಲ್ಲ. ನಂಗಂತೂ ಇದು ನ್ಯಾಯ ಅಂತಲೇ ಅನ್ಸುತ್ತೆ, ಬೆನ್ನು ಮುರ್ಕೊಂಡವನಿಗೆ ಜಾಗ.

ಇಲ್ಲಿನ ಅಮೆರಿಕನ್ ಫುಟ್‌ಬಾಲ್ ಟೀಮ್ ಪೇಟ್ರಿಯಾಟ್ಸ್ ಸೂಪರ್ ಬೌಲ್ ಗೆದ್ದ ಮೆರವಣಿಗೆ ಕೂಡ ಇದೇ ಸ್ನೋ ಕಾರಣಕ್ಕೆ ಒಂದು ದಿನ ಮುಂದಕ್ಕೆ ಹೋಯ್ತು. ಜನ ಮನೇಲಿ ಕೂತು ಕೂತು ತಲೆಕೆಟ್ಟು ಮಹಡಿ ಕಿಟಕಿಯಿಂದ ಸ್ನೋ ಗುಡ್ಡೆ ಮೇಲೆ ಹಾರಿ ವಿಡಿಯೋ ಹಾಕೋಕೆ ಶುರು ಮಾಡಿದ್ರು, ಆಗಿನ ಮೇಯರ್ ಮಾರ್ಟಿ ವಾಲ್ಶ್ ಪ್ರೆಸ್ ಮೀಟಲ್ಲಿ ದಯವಿಟ್ಟು ಕಿಟಕಿಯಿಂದ ಹಾರಬೇಡಿ ಅಂತ ಕೇಳ್ಕೋಬೇಕಾಯ್ತು.

ಫೆಬ್ರವರಿ 14ರ ರಾತ್ರಿ ಮತ್ತೊಂದು ಬ್ಲಿಝರ್ಡು. ಅದೇ ರಾತ್ರಿ ನಮ್ಮ ಟೈಮ್ ಹತ್ತೂವರೆಗೆ ಅಡಿಲೇಡಲ್ಲಿ ಇಂಡಿಯಾ ಪಾಕಿಸ್ತಾನ ವರ್ಲ್ಡ್ ಕಪ್ ಮ್ಯಾಚು. ನಮ್ಮನೇಲಿ ಸೇರಿ ನೋಡೋದು ಅಂತ ಕನ್ನಡದ ಮೂರ್ನಾಲ್ಕು ಮನೆಯವರ ಪ್ಲಾನ್, ಯಾರೂ ಬರೋಕಾಗ್ಲಿಲ್ಲ, ಪಾಪ ಅವರವರ ಮನೇಲಿ ಕೂತು ವಾಟ್ಸಪ್ಪಲ್ಲೇ ಕೂಗಾಡಿದ್ರು. ಡಿಶ್ ಯಾವಾಗಲೋ ಸತ್ತಿತ್ತು, ಇಂಟರ್ನೆಟ್ ಮಾತ್ರ ಅದ್ಯಾವ ಪುಣ್ಯಕ್ಕೋ ನಿಂತಿತ್ತು, ಲ್ಯಾಪ್‌ಟಾಪನ್ನ ಟಿವಿಗೆ ಹಾಕಿದ್ವಿ. ನಾನು ಹೇಗಿದ್ರೂ ಮಗುಗೆ ಹಾಲು ಕೊಡೋಕೆ ಎರಡೆರಡು ಗಂಟೆಗೆ ಏಳ್ತಿದ್ದೆ, ಕೊಹ್ಲಿ 107 ಪೂರ್ತಿ ನೋಡಿದೆ, ಪಾಕಿಸ್ತಾನ 76 ರನ್ನಿಂದ ಸೋತಾಗ ಬೆಳಗಾಗ್ತಾ ಬಂದಿತ್ತು. ಆಮೇಲೆ ನಮ್ಮನೆಯವರು ಸ್ನೋ ತೆಗೀತೀನಿ ಅಂತ ಕೆಳಗೆ ಹೋದ್ರೆ ಬಾಗಿಲೇ ತೆಗೆಯೋಕಾಗ್ತಿಲ್ಲ, ನಮ್ಮ ಹೊರಬಾಗಿಲಿಗೆ ಹೊರಗಡೆ ಇದ್ದ ಸ್ಟಾರ್ಮ್ ಡೋರ್ ಆಚೆ ಕಡೆ ತೆಗೆಯೋದು, ಗಾಳಿಗೆ ಸ್ನೋ ಬಂದು ಎದೆಮಟ್ಟ ಕೂತಿದೆ. ಹಿಂದಿನ ಕಿಟಕಿಯಿಂದ ಇಳಿದು ಸುತ್ತು ಹಾಕ್ಕೊಂಡು ಬಂದು ಬಾಗಿಲು ಬಿಡಿಸಿದ್ರು. ಮೇಯರ್ ಇನ್ನೂ ಬೇಡ ಅಂದಿರ್ಲಿಲ್ಲ ಬಿಡಿ, ಅವರು ಹೇಳಿದ್ದು ಅದರ ಮಾರನೇ ದಿನ.

17ಕ್ಕೆ ಶಿವರಾತ್ರಿ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತೆ ಅಂತಾರಲ್ಲ, ಅಮ್ಮ ಅದನ್ನ ಹೇಳೋಕೆ ಬಾಯಿ ತೆಗೆದವರು ಕಿಟಕಿ ನೋಡಿ ಸುಮ್ಮನಾದ್ರು. ಆ ವಾರನೇ ಸೀಲಿಂಗ್ ಸೋರೋಕೆ ಶುರು. ಮನೆ ಒಳಗಿನ ಬಿಸಿಗೆ ಮಾಡಿನ ಸ್ನೋ ತಳದಿಂದ ಕರಗಿ ಕೆಳಗೆ ಹರಿದು ಅಂಚಲ್ಲಿ ಚಳಿಗೆ ಮತ್ತೆ ಗಟ್ಟಿಯಾಗಿ ಕಟ್ಟೆ ಕಟ್ಟಿಕೊಳ್ಳುತ್ತೆ, ಹಿಂದೆ ನಿಂತ ನೀರು ಮಾಡಿನ ಹಲಗೆ ಸಂದಿಯಿಂದ ಒಳಗೆ ಇಳಿಯುತ್ತೆ. ಇಡೀ ಊರಲ್ಲಿ ಸೋರದ ಮನೆ ಕಮ್ಮಿ. ನಾವು ಗಾಬರಿಲಿ ಓನರಿಗೆ ಫೋನ್ ಮಾಡ್ತಿದ್ರೆ ಅಮ್ಮ ಆರಾಮಾಗಿ ಬಕೆಟ್ಟು, ಪಾತ್ರೆ, ನನ್ನ ಸ್ನಾನದ ಕೊಳದಪ್ಪಲೆ ಎಲ್ಲ ತಂದು ಸಾಲಾಗಿ ಇಟ್ರು, ಆಗುಂಬೆ ಮಳೆ ಕಂಡವರಿಗೆ ಸೋರೋದು ಒಂದು ವಿಷಯನಾ. ಕಾಲುಚೀಲದಲ್ಲಿ ಉಪ್ಪು ತುಂಬಿ ಆ ಐಸ್ ಕಟ್ಟೆ ಮೇಲೆ ಅಡ್ಡಡ್ಡ ಎಸೆದ್ರೆ ಅದು ಕರಗಿ ನೀರಿಗೆ ದಾರಿ ಆಗುತ್ತೆ ಅಂತ ಇಲ್ಲಿನ ಉಪಾಯ. ಅಂಗಡಿಗಳಲ್ಲಿ ಉಪ್ಪೂ ಖಾಲಿ, ಉದ್ದ ಕಾಲುಚೀಲನೂ ಖಾಲಿ, ಮಾಡಿನ ಸ್ನೋ ಎಳೆಯೋ ರೂಫ್ ರೇಕ್ ಅಂತೂ ಕೇಳಿದ್ರೆ ಅಂಗಡಿಯವರು ನಗೋರು.

ಪೇಟೆಲಿ ಲಾರಿಲಿ ಹೊತ್ತು ಸೀಪೋರ್ಟ್ ಕಡೆ ಒಂದು ಬಯಲಿಗೆ ಸುರಿದಿದ್ದ ಸ್ನೋ ಸುಮಾರು 75 ಅಡಿ ಎತ್ತರ ಆಗಿತ್ತು. ಅದು ಪೂರ್ತಿ ಕರಗಿದ್ದು ಜುಲೈ 14ಕ್ಕೆ, ಕೊನೆಕೊನೆಗೆ ಅದು ಸ್ನೋ ಥರ ಏನೂ ಕಾಣ್ತಿರ್ಲಿಲ್ಲ, ಕಪ್ಪು ಕಸದ ಗುಡ್ಡ.

ಆ ಬೇಸಿಗೆಲಿ ನಾವು ಜಾಣರಾಗಿ ದೊಡ್ಡ ರೂಫ್ ರೇಕ್, ಎರಡು ಹೊಸ ಸಲಿಕೆ, ಮೂಟೆ ಉಪ್ಪು ಎಲ್ಲ ತಂದಿಟ್ವಿ. 2015-16ರಲ್ಲಿ ಇಡೀ ಚಳಿಗಾಲಕ್ಕೆ ಬಿದ್ದಿದ್ದು ಸುಮಾರು 36 ಇಂಚು. ಈಗ ಇರೋದು ಅಪಾರ್ಟ್‌ಮೆಂಟಲ್ಲಿ, ಮಾಡು ನಮ್ಮ ಜವಾಬ್ದಾರಿ ಅಲ್ಲ. ರೇಕ್ ಇನ್ನೂ ಕವರ್ ಬಿಚ್ಚದೆ ಹಾಗೇ ಇದೆ, ಈ ಕಡೆ ಯಾರಿಗಾದ್ರೂ ಬೇಕಿದ್ರೆ ಹೇಳಿ, ಬಂದು ತಗೊಂಡು ಹೋಗಿ.